ಮೀಟಿಯಾರ್ 350 ಸಾಕೇ, ಸೂಪರ್ ಮೀಟಿಯಾರ್ 650 ಬೇಕೇ: ನಮ್ಮ ದಾರಿಗಳಿಗೆ ಯಾವ ಗಾತ್ರದ ಕ್ರೂಸರ್ ಹೊಂದುತ್ತದೆ?

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ನಾನು ಬಹಳ ವರ್ಷಗಳಿಂದ ಬಜಾಜ್ ಅವೆಂಜರ್ 220 ಓಡಿಸುತ್ತಿದ್ದೇನೆ. ಕಾಲು ಮುಂದೆ ಚಾಚಿ, ಬೆನ್ನು ನೆಟ್ಟಗಿಟ್ಟು ಕೂರುವ ಕ್ರೂಸರ್ ಭಂಗಿಗೆ ಮೈ ಎಷ್ಟು ಒಗ್ಗಿಹೋಗಿದೆಯೆಂದರೆ, ಬೇರೆ ಬಗೆಯ ಬೈಕಿನ ಯೋಚನೆಯೇ ನನಗಿಲ್ಲ. ಈಗ ಗಾಡಿಗೆ ವಯಸ್ಸಾಗಿದೆ, ಎಂಜಿನ್ ಕೆಲಸಕ್ಕೆ ಪದೇ ಪದೇ ಹಣ ಸುರಿಯುವುದಕ್ಕಿಂತ ಹೊಸದನ್ನು ಕೊಳ್ಳುವುದು ಲೇಸೆಂದು ಮನೆಯಲ್ಲಿ ಎಲ್ಲರೂ ಒಪ್ಪಿದ್ದಾರೆ. ಯಾವ ಗಾತ್ರದ್ದನ್ನು ಕೊಳ್ಳಬೇಕೆಂಬುದು ಮಾತ್ರ ತೀರ್ಮಾನವಾಗಿಲ್ಲ.

ನನ್ನ ಓಡಾಟದ ವಿವರ ಹೇಳಿದರೆ ಸಲಹೆ ಕೊಡುವವರಿಗೆ ಅನುಕೂಲವಾದೀತು. ವಾರದ ದಿನಗಳಲ್ಲಿ ಶಿವಮೊಗ್ಗದಿಂದ ಭದ್ರಾವತಿಗೆ ಕೆಲಸಕ್ಕೆ ಹೋಗಿಬರುತ್ತೇನೆ. ಬಿಡುವಾದ ಭಾನುವಾರಗಳಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ತೀರ್ಥಹಳ್ಳಿಯ ಕಡೆಗೆ, ಕೆಲವೊಮ್ಮೆ ಆಗುಂಬೆ ಇಳಿದು ಉಡುಪಿಯವರೆಗೆ ಹೋಗುವುದುಂಟು. ವರ್ಷದಲ್ಲಿ ಕೆಲವು ಸಲ ಮಗಳ ಮನೆಗೆಂದು ತರೀಕೆರೆ, ಕಡೂರು, ಅರಸೀಕೆರೆ, ತುಮಕೂರು ದಾರಿಯಾಗಿ ಬೆಂಗಳೂರಿಗೆ ಇಬ್ಬರೂ ಬೈಕಿನಲ್ಲೇ ಹೋಗುತ್ತೇವೆ. ನನ್ನ ಎತ್ತರ 165 ಸೆಂಟಿಮೀಟರ್, ವಯಸ್ಸು ಐವತ್ತು ದಾಟಿದೆ.

ಶೋರೂಮಿನಲ್ಲಿ ರಾಯಲ್ ಎನ್‌ಫೀಲ್ಡ್ ಮೀಟಿಯಾರ್ 350 ಮತ್ತು ಸೂಪರ್ ಮೀಟಿಯಾರ್ 650 ಎರಡನ್ನೂ ನೋಡಿ ಬಂದೆ. ಕಾಗದದ ಮೇಲೆ ಮೊದಲನೆಯದು 191 ಕಿಲೊ, ಎರಡನೆಯದು 241 ಕಿಲೊ. ನನ್ನ ಅವೆಂಜರ್ ಸುಮಾರು 163 ಕಿಲೊ ಇರುವುದರಿಂದ, 350 ಕೊಂಡರೂ ಈಗಿನದಕ್ಕಿಂತ ಭಾರವನ್ನೇ ಕೊಂಡಂತಾಗುತ್ತದೆ. ಆದರೆ 650ರ ಮೇಲೆ ಕುಳಿತಾಗ ಎರಡೂ ಪಾದಗಳು ನೆಲಕ್ಕೆ ಚೆನ್ನಾಗಿ ಊರಿದವು. ಅದರ ಸೀಟು 740 ಮಿಲಿಮೀಟರ್ ಎತ್ತರದಲ್ಲಿದ್ದರೆ 350ರದ್ದು 765 ಇದೆ ಎಂದು ಅಲ್ಲಿಯೇ ತಿಳಿಯಿತು. ದೊಡ್ಡ ಗಾಡಿಯ ಸೀಟೇ ತಗ್ಗಾಗಿರುವುದು ನನ್ನ ಲೆಕ್ಕವನ್ನೆಲ್ಲ ಅಡಿಮೇಲು ಮಾಡಿದೆ.

ಇಬ್ಬರು ಕುಳಿತು ಘಾಟಿ ಹತ್ತುವಾಗ 350 ಸೋಲುತ್ತದೆಯೇ? 650ರ ಹೆಚ್ಚುವರಿ ಐವತ್ತು ಕಿಲೊ ದಿನನಿತ್ಯದ ಬಳಕೆಯಲ್ಲಿ ಎಷ್ಟು ಕಾಡುತ್ತದೆ? ಕೊಂಡ ಮೇಲಿನ ಖರ್ಚು ನಿಜವಾಗಿ ಎಷ್ಟು ಪಟ್ಟು? ಇವೆರಡನ್ನೂ ಓಡಿಸಿ ಬಲ್ಲವರು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಅರಬೈಲು ದಾರಿ (ಹುಬ್ಬಳ್ಳಿ)

ನಾನು ಮೊದಲು ಥಂಡರ್‌ಬರ್ಡ್ 350 ಇಟ್ಟುಕೊಂಡಿದ್ದೆ, ಈಗ ಸೂಪರ್ ಮೀಟಿಯಾರ್ 650 ಓಡಿಸುತ್ತಿದ್ದೇನೆ, ಮನೆಯಲ್ಲಿ ತಮ್ಮನ ಬಳಿ ಮೀಟಿಯಾರ್ 350 ಇದೆ. ಹೀಗಾಗಿ ಎರಡರ ಅನುಭವವೂ ಇದೆ. ನನಗೆ ನನ್ನ ಗಾಡಿ ಬಹಳ ಇಷ್ಟ, ಆದರೂ ನಿಮ್ಮ ಬಳಕೆಗೆ ಅದನ್ನೇ ಕೊಳ್ಳಿ ಎಂದು ಸುಲಭವಾಗಿ ಹೇಳಲಾರೆ. ಕಾರಣಗಳನ್ನು ಬಿಡಿಸಿ ಹೇಳುತ್ತೇನೆ.

ಮೊದಲು ದೊಡ್ಡ ಎಂಜಿನ್ನಿನ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಮೀಟಿಯಾರ್ 350ರ ಒಂದೇ ಸಿಲಿಂಡರಿನ 349 ಸಿಸಿ ಎಂಜಿನ್ ಸುಮಾರು 20 ಅಶ್ವಶಕ್ತಿ ಮತ್ತು 27 ನ್ಯೂಟನ್ ಮೀಟರ್ ಟಾರ್ಕ್ (ಅಂದರೆ ಎಂಜಿನ್ನಿನ ತಿರುಗಿಸುವ ಬಲ) ಕೊಡುತ್ತದೆ. ಸೂಪರ್ ಮೀಟಿಯಾರಿನ ಎರಡು ಸಿಲಿಂಡರಿನ 648 ಸಿಸಿ ಎಂಜಿನ್ ಸುಮಾರು 46 ಅಶ್ವಶಕ್ತಿ ಮತ್ತು 52 ನ್ಯೂಟನ್ ಮೀಟರ್ ಕೊಡುತ್ತದೆ. ಇಬ್ಬರು ಸವಾರರು ಮತ್ತು ಒಂದಿಷ್ಟು ಸಾಮಾನು ಸೇರಿ 150 ಕಿಲೊ ಎಂದಿಟ್ಟುಕೊಂಡು ಗಾಡಿಯ ತೂಕಕ್ಕೆ ಸೇರಿಸಿ, ಟನ್ನಿಗೆ ಎಷ್ಟು ಅಶ್ವಶಕ್ತಿ ಎಂದು ಲೆಕ್ಕ ಹಾಕಿದರೆ 350ರಲ್ಲಿ ಸುಮಾರು 59, 650ರಲ್ಲಿ ಸುಮಾರು 118 ಬರುತ್ತದೆ. ಅಂದರೆ ಐವತ್ತು ಕಿಲೊ ಹೆಚ್ಚಿಗೆ ಹೊತ್ತರೂ, ಹೊರೆ ಸಮೇತ ಓಡುವಾಗ ದೊಡ್ಡದರ ಬಲ ಸರಿಯಾಗಿ ಎರಡು ಪಟ್ಟು.

ಇದು ರಸ್ತೆಯಲ್ಲಿ ಹೇಗೆ ಕಾಣುತ್ತದೆ ಎಂಬುದಕ್ಕೆ ನಾನು ಮೇಲಿಂದ ಮೇಲೆ ಓಡಾಡುವ ಯಲ್ಲಾಪುರ, ಅಂಕೋಲೆಯ ದಾರಿಯನ್ನೇ ತೆಗೆದುಕೊಳ್ಳಿ. ಅರಬೈಲು ಘಟ್ಟ ಹತ್ತುವಾಗ ಮುಂದೆ ಸರಕು ತುಂಬಿದ ಲಾರಿಗಳ ಸಾಲು ಇರುತ್ತದೆ. ತಿರುವಿನಿಂದ ತಿರುವಿಗೆ ಇರುವ ನೇರ ದಾರಿ ಚಿಕ್ಕದು, ಎದುರಿನಿಂದ ಇಳಿದು ಬರುವ ವಾಹನ ಯಾವ ಕ್ಷಣದಲ್ಲಾದರೂ ಕಾಣಿಸಬಹುದು. 350ರಲ್ಲಿ ಹೆಂಡತಿಯನ್ನು ಕೂರಿಸಿಕೊಂಡಿದ್ದರೆ ಮೂರನೇ ಗೇರಿಗೆ ಇಳಿಸಿ, ಎಂಜಿನ್ ವೇಗ ಹಿಡಿಯುವವರೆಗೆ ಕಾದು, ಆಮೇಲೆ ಲಾರಿಯನ್ನು ದಾಟಲು ಹೊರಡಬೇಕು. ಎಷ್ಟೋ ಸಲ ಆ ಹೊತ್ತಿಗೆ ನೇರ ದಾರಿಯೇ ಮುಗಿದಿರುತ್ತದೆ, ಮತ್ತೆ ಲಾರಿಯ ಹಿಂದೆ ಸೇರಿಕೊಳ್ಳಬೇಕಾಗುತ್ತದೆ. 650ರಲ್ಲಿ ಅದೇ ಲಾರಿಯನ್ನು ಗೇರು ಬದಲಿಸದೆ ದಾಟಿ ನಮ್ಮ ಪಥಕ್ಕೆ ಮರಳಿರುತ್ತೇವೆ. ಎದುರು ಪಥದಲ್ಲಿ ಕಳೆಯುವ ಸಮಯ ಅರ್ಧಕ್ಕರ್ಧ ಕಡಿಮೆಯಾಗುವುದು ನನ್ನ ಮಟ್ಟಿಗೆ ದೊಡ್ಡ ಎಂಜಿನ್ನಿನ ಅತಿ ದೊಡ್ಡ ಉಪಕಾರ, ಮತ್ತು ಅದು ವೇಗದ ಚಪಲಕ್ಕೆ ಸಂಬಂಧಿಸಿದ ಮಾತಲ್ಲ.

ಚತುಷ್ಪಥದಲ್ಲಿ ದ್ವಿಚಕ್ರ ವಾಹನಕ್ಕೆ ಕೇಂದ್ರ ಸರಕಾರ 2018ರಲ್ಲಿ ನಿಗದಿಪಡಿಸಿದ ಗರಿಷ್ಠ ವೇಗ ಗಂಟೆಗೆ 80 ಕಿಲೊಮೀಟರ್. ಆ ವೇಗದಲ್ಲಿ 350 ಕೂಡ ನಿರಾಯಾಸವಾಗಿ ಓಡುತ್ತದೆ, ಇದರಲ್ಲಿ ನನಗೆ ಅನುಮಾನವೇ ಇಲ್ಲ. ಅದಕ್ಕಿಂತ ಮೇಲೆ ಹೋದಂತೆ 350ರ ಎಂಜಿನ್ ತಾನು ದುಡಿಯುತ್ತಿರುವುದನ್ನು ಕಾಲಡಿಯ ಪೆಗ್ಗುಗಳ ಮೂಲಕ ತಿಳಿಸತೊಡಗುತ್ತದೆ. 650ಕ್ಕೆ ಆರನೇ ಗೇರೂ ಇರುವುದರಿಂದ ಅದೇ ವೇಗದಲ್ಲಿ ಎಂಜಿನ್ ಬಹಳ ಸಮಾಧಾನದಿಂದ ತಿರುಗುತ್ತದೆ, ಸಂಜೆ ಗಾಡಿಯಿಂದ ಇಳಿದಾಗ ಕೈ ಜೋಮು ಹಿಡಿದಿರುವುದಿಲ್ಲ.

ಇನ್ನು ಮತ್ತೊಂದು ಮಗ್ಗುಲು. ನಮ್ಮ ಮನೆಯ ಮುಂದಿನ ಅಂಗಳ ರಸ್ತೆಯ ಕಡೆಗೆ ಇಳಿಜಾರು. ಮುಂಚಕ್ರ ತಗ್ಗಿನ ಕಡೆಗಿದ್ದಾಗ ಗಾಡಿಯನ್ನು ಹಿಂದಕ್ಕೆ ತೆಗೆಯಬೇಕಾದರೆ ಸೀಟಿನ ಮೇಲೆ ಕುಳಿತು ಕಾಲಿನಿಂದ ನೂಕುವುದು 650ರಲ್ಲಿ ಆಗುವ ಮಾತಲ್ಲ. ಕೆಳಗಿಳಿದು, ಸೊಂಟವನ್ನು ಸೀಟಿಗೆ ಒತ್ತಿ ಹಿಡಿದು, ಮುಂಬ್ರೇಕನ್ನು ಬಿಟ್ಟು ಹಿಡಿದು ಮಾಡುತ್ತಾ ಅಂಗುಲ ಅಂಗುಲವಾಗಿ ಎಳೆಯಬೇಕು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಸಿಮೆಂಟಿನ ಮೇಲೆ ಇದನ್ನು ದಿನಾ ಮಾಡುವುದು ಖುಷಿಯ ಕೆಲಸವಲ್ಲ. ಪೇಟೆಯಲ್ಲಿ ಗಾಡಿ ನಿಲ್ಲಿಸುವ ಮುನ್ನವೇ ಹೊರಗೆ ತೆಗೆಯುವುದು ಹೇಗೆಂದು ಯೋಚಿಸುವ ಅಭ್ಯಾಸ ಬೆಳೆಸಿಕೊಳ್ಳಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಸಿಗ್ನಲ್ಲಿನಲ್ಲಿ ನಿಂತಾಗ ಎರಡು ಸಿಲಿಂಡರಿನ ಬಿಸಿ ಮೊಣಕಾಲಿನ ಕೆಳಗೆ ಚೆನ್ನಾಗಿಯೇ ತಾಗುತ್ತದೆ.

ಭದ್ರಾವತಿಯ ನಿತ್ಯದ ಓಡಾಟವೊಂದೇ ಇದ್ದರೆ ಕಣ್ಣು ಮುಚ್ಚಿ 350 ಎನ್ನುತ್ತಿದ್ದೆ. ಬೆಂಗಳೂರಿಗೆ ಇಬ್ಬರೂ ಪ್ರತಿ ತಿಂಗಳು ಹೋಗುವವರಾಗಿದ್ದರೆ 650 ಎನ್ನುತ್ತಿದ್ದೆ. ನಿಮ್ಮದು ಎರಡರ ನಡುವೆ ಇದೆ, ಆದರೂ ತಕ್ಕಡಿ ಚಿಕ್ಕದರ ಕಡೆಗೇ ವಾಲುತ್ತದೆಂದು ನನ್ನ ಅನಿಸಿಕೆ.

ಸ್ಪ್ಯಾನರ್ ಹಿಡಿದವನು (ಹಾಸನ)

ಗ್ಯಾರೇಜು ನಡೆಸುವವನಾಗಿ ನಾನು ಖರ್ಚಿನ ಬಗ್ಗೆ ಮತ್ತು ರಿಪೇರಿಗೆ ಬರುವ ಗಾಡಿಗಳಿಂದ ಕಲಿತದ್ದರ ಬಗ್ಗೆ ಬರೆಯುತ್ತೇನೆ.

350 ಸಿಸಿ ಎಂಬುದು ನಮ್ಮ ದೇಶದಲ್ಲಿ ಬರೀ ಎಂಜಿನ್ನಿನ ಅಳತೆಯಲ್ಲ, ತೆರಿಗೆಯ ಗಡಿ. ಮೊದಲು ಈ ಗಡಿಯ ಒಳಗಿನ ಬೈಕುಗಳಿಗೆ 28 ಶೇಕಡ ಜಿಎಸ್‌ಟಿ, ಹೊರಗಿನವುಕ್ಕೆ ಸೆಸ್ ಸೇರಿ 31 ಶೇಕಡ ಇತ್ತು, ವ್ಯತ್ಯಾಸ ಅಷ್ಟೇನೂ ದೊಡ್ಡದಾಗಿರಲಿಲ್ಲ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನವುಕ್ಕೆ 18 ಶೇಕಡ, ಅದಕ್ಕಿಂತ ದೊಡ್ಡವುಕ್ಕೆ 40 ಶೇಕಡ ಆಯಿತು. ಹಾಗಾಗಿ ಈಗ ಸೂಪರ್ ಮೀಟಿಯಾರಿನ ಶೋರೂಮ್ ಬೆಲೆ ಮೀಟಿಯಾರಿನ ಸುಮಾರು ಎರಡು ಪಟ್ಟು. ನಮ್ಮ ರಾಜ್ಯದ ಜೀವಾವಧಿ ರಸ್ತೆ ತೆರಿಗೆಯೂ ಬೆಲೆಯ ಮೇಲೆಯೇ ಲೆಕ್ಕವಾಗುವುದರಿಂದ, ಗಾಡಿ ರಸ್ತೆಗಿಳಿಯುವ ಹೊತ್ತಿಗೆ ಅಂತರ ಇನ್ನಷ್ಟು ಹಿಗ್ಗುತ್ತದೆ.

ವಿಮೆಗೂ ಇದೇ ಗಡಿ. ಮೂರನೇ ವ್ಯಕ್ತಿಯ ವಿಮೆಗೆ 2022ರಲ್ಲಿ ನಿಗದಿಯಾದ ದರದಂತೆ 150ರಿಂದ 350 ಸಿಸಿಯ ಬೈಕಿಗೆ ವರ್ಷಕ್ಕೆ 1,366 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,804 ರೂಪಾಯಿ. ಹೊಸ ಗಾಡಿಗೆ ಇದನ್ನು ಐದು ವರ್ಷಕ್ಕೆ ಒಟ್ಟಿಗೇ ಕಟ್ಟಬೇಕು. ಸ್ವಂತ ಗಾಡಿಯ ಹಾನಿಯ ವಿಮೆ ಬೇರೆ, ಅದು ಗಾಡಿಯ ಮೌಲ್ಯವನ್ನು ಅವಲಂಬಿಸಿರುತ್ತದೆ. ಪೆಟ್ರೋಲಿನ ಮಾತಿಗೆ ಬಂದರೆ ನಮ್ಮಲ್ಲಿಗೆ ಬರುವ ಗಿರಾಕಿಗಳು ಹೇಳುವಂತೆ 350 ಲೀಟರಿಗೆ ಮೂವತ್ತರಿಂದ ಮೂವತ್ತೈದು ಕಿಲೊಮೀಟರ್, 650 ಇಪ್ಪತ್ತೆರಡರಿಂದ ಇಪ್ಪತ್ತೈದು ಕಿಲೊಮೀಟರ್ ಕೊಡುತ್ತದೆ. ಭದ್ರಾವತಿಗೆ ದಿನಾ ಹೋಗಿಬರುವವರಿಗೆ ತಿಂಗಳ ಕೊನೆಯಲ್ಲಿ ಇದು ಗೊತ್ತಾಗದೆ ಇರುವುದಿಲ್ಲ.

ಟೈರಿನ ವಿಷಯ ಜನ ಮರೆಯುತ್ತಾರೆ. 350ರ ಹಿಂಬದಿಯ ಹದಿನೇಳು ಅಂಗುಲದ ಟೈರು ಜಿಲ್ಲಾ ಕೇಂದ್ರದ ಯಾವುದೇ ಒಳ್ಳೆಯ ಅಂಗಡಿಯಲ್ಲಿ ಸಿಗುತ್ತದೆ. 650ರದ್ದು ಹದಿನಾರು ಅಂಗುಲದ 150/80 ಅಳತೆ, ಚಿಕ್ಕ ಊರುಗಳಲ್ಲಿ ಹೇಳಿ ತರಿಸಬೇಕು, ಬೆಲೆಯೂ ಹೆಚ್ಚು, ಭಾರದ ಗಾಡಿಯಾದ್ದರಿಂದ ಸವೆತವೂ ಬೇಗ. ಚೈನು, ಬ್ರೇಕ್ ಪ್ಯಾಡು ಕೂಡ ಅದೇ ಹಾದಿ. ಸರ್ವೀಸಿನ ಮಟ್ಟಿಗೆ ಮಾತ್ರ ಇವೆರಡರ ನಡುವೆ ಭಯಪಡುವಂಥ ಅಂತರವಿಲ್ಲ. ಎರಡೂ ಗಾಳಿ ಮತ್ತು ಎಣ್ಣೆಯಿಂದ ತಣಿಯುವ ಸರಳ ಎಂಜಿನ್ನುಗಳು, ತೆರೆದು ನೋಡಿದರೆ ಕೆಲಸ ಬಲ್ಲ ಯಾರಿಗೂ ಅರ್ಥವಾಗುವಂಥವು.

ಈಗ ರಸ್ತೆಯ ವಿಷಯ. ಈ ಭಾಗವನ್ನು ದಯವಿಟ್ಟು ಗಮನವಿಟ್ಟು ಓದಿ, ಏಕೆಂದರೆ ಶೋರೂಮಿನಲ್ಲಿ ಯಾರೂ ಹೇಳುವುದಿಲ್ಲ. 650ರ ಹೊಟ್ಟೆಗೂ ನೆಲಕ್ಕೂ ನಡುವಿನ ಅಂತರ 135 ಮಿಲಿಮೀಟರ್ ಮಾತ್ರ, 350ರಲ್ಲಿ ಅದು 170 ಇದೆ. ಮೇಲಾಗಿ 650ರ ಎರಡು ಚಕ್ರಗಳ ನಡುವಿನ ದೂರ 1,500 ಮಿಲಿಮೀಟರ್, 350ರದ್ದು 1,400. ಉದ್ದವಾದ, ತಗ್ಗಾದ ಗಾಡಿಯಲ್ಲಿ ಇಬ್ಬರು ಕುಳಿತು ಹಳ್ಳಿಯ ಶಾಲೆಯ ಮುಂದೆ ಊರವರೇ ಕಟ್ಟಿದ ಎತ್ತರದ ಉಬ್ಬನ್ನು ನೇರವಾಗಿ ದಾಟಿದರೆ ಹೊಟ್ಟೆ ತಾಗುತ್ತದೆ. ನಮ್ಮಲ್ಲಿಗೆ ಬರುವ 650ಗಳನ್ನು ಲಿಫ್ಟಿಗೆ ಏರಿಸಿದಾಗ ಎಂಜಿನ್ನಿನ ಕೆಳಗೆ ಉದ್ದುದ್ದ ಗೀರುಗಳು ಕಾಣುವುದು ಸಾಮಾನ್ಯ. ಉಬ್ಬನ್ನು ಓರೆಯಾಗಿ ದಾಟುವುದು ಒಂದು ಉಪಾಯ, ಆದರೆ ಮಳೆಯಲ್ಲಿ, ಹಿಂದೆ ಒಬ್ಬರನ್ನು ಕೂರಿಸಿಕೊಂಡು, 241 ಕಿಲೊದ ಗಾಡಿಯನ್ನು ನಡಿಗೆಯ ವೇಗದಲ್ಲಿ ಓರೆ ಮಾಡುವುದಕ್ಕೆ ಅಭ್ಯಾಸ ಬೇಕು.

ಹಿಂದಿನ ಸಸ್ಪೆನ್ಷನ್ನಿನ ಬಗ್ಗೆಯೂ ಒಂದು ಮಾತು. ದೊಡ್ಡ ಗಾಡಿ ಎಂದರೆ ಹೆಚ್ಚು ಸುಖ ಎಂಬ ನಂಬಿಕೆ ಎಲ್ಲರಲ್ಲೂ ಇದೆ. 650ರ ಹಿಂಬದಿಯ ಶಾಕ್ ಅಬ್ಸಾರ್ಬರ್ ಕುಗ್ಗುವುದು ಕೇವಲ 101 ಮಿಲಿಮೀಟರ್. ಕ್ರೂಸರಿನಲ್ಲಿ ಕಾಲು ಮುಂದಿರುವುದರಿಂದ ಗುಂಡಿ ಬಂದಾಗ ಪೆಗ್ಗಿನ ಮೇಲೆ ಎದ್ದು ನಿಂತು ಹೊಡೆತ ತಪ್ಪಿಸಿಕೊಳ್ಳುವುದು ಕಷ್ಟ, ಹೊಡೆತವೆಲ್ಲ ನೇರವಾಗಿ ಬೆನ್ನುಹುರಿಯ ಬುಡಕ್ಕೇ ಬರುತ್ತದೆ. ಚೊಕ್ಕವಾದ ಹೆದ್ದಾರಿಯಲ್ಲಿ 650 ಅರಸನಂತೆ ಸಾಗುತ್ತದೆ, ಮಳೆಗೆ ಕಿತ್ತುಹೋದ ಮಲೆನಾಡಿನ ದಾರಿಯಲ್ಲಿ ಅದರ ಆ ಹೆಚ್ಚುಗಾರಿಕೆ ಉಳಿಯುವುದಿಲ್ಲ. ಎರಡರಲ್ಲಿ ಯಾವುದನ್ನು ಕೊಂಡರೂ ಇಬ್ಬರು ಹೋಗುವಾಗ ಹಿಂದಿನ ಸ್ಪ್ರಿಂಗಿನ ಬಿಗಿಯನ್ನು ಹೆಚ್ಚಿಸಿಕೊಳ್ಳಿ. ಗಾಡಿಯ ಜೊತೆಗೇ ಬರುವ ಉಪಕರಣದಿಂದ ಐದು ನಿಮಿಷದಲ್ಲಿ ಮಾಡಬಹುದಾದ ಈ ಕೆಲಸವನ್ನು ಬಹುತೇಕ ಮಾಲೀಕರು ಒಮ್ಮೆಯೂ ಮಾಡಿರುವುದಿಲ್ಲ.

ಇನ್ನು ಬೀಳುವ ವಿಚಾರ. ದೊಡ್ಡ ಕ್ರೂಸರುಗಳು ನಮ್ಮ ಬಳಿಗೆ ಬಾಗಿದ ಕ್ಲಚ್ ಲಿವರು, ಮುರಿದ ಕನ್ನಡಿ, ತಗ್ಗು ಬಿದ್ದ ಟ್ಯಾಂಕು ಹೊತ್ತು ಬರುವುದು ಬಹುಮಟ್ಟಿಗೆ ನಿಂತಲ್ಲಿಯೇ ಬಿದ್ದು. ಪೆಟ್ರೋಲ್ ಬಂಕಿನ ಎಣ್ಣೆ ಚೆಲ್ಲಿದ ನೆಲ, ಜಲ್ಲಿ ಹರಡಿದ ರಸ್ತೆಯ ಅಂಚು, ಹ್ಯಾಂಡಲ್ ತಿರುಗಿಸಿರುವಾಗ ಗಾಬರಿಯಿಂದ ಹಿಡಿದ ಮುಂಬ್ರೇಕು, ಇವೇ ಕಾರಣಗಳು. ಗಾಡಿ ಒಂದು ಹದದವರೆಗೆ ವಾಲಿದಾಗ ತಡೆಯಬಹುದು, ಆ ಹದ ಮೀರಿದ ಮೇಲೆ ಯಾರಿಂದಲೂ ಆಗದು. 191 ಕಿಲೊದಲ್ಲಿ ಆ ಹದ ಸ್ವಲ್ಪ ದೂರದಲ್ಲಿರುತ್ತದೆ, 241 ಕಿಲೊದಲ್ಲಿ ಬಹಳ ಹತ್ತಿರದಲ್ಲಿರುತ್ತದೆ. ಬಿದ್ದರೆ ಮುಂದಕ್ಕೆ ಬಾಗಿ ಎತ್ತಲು ಹೋಗಬೇಡಿ, ಸೊಂಟ ಹಿಡಿದುಕೊಳ್ಳುತ್ತದೆ. ಎಂಜಿನ್ ಆರಿಸಿ, ಗೇರಿಗೆ ಹಾಕಿ, ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡನ್ನು ಮೊದಲೇ ಬಿಡಿಸಿಡಿ. ಹ್ಯಾಂಡಲನ್ನು ನೆಲದ ಕಡೆಗೆ ಪೂರ್ತಿ ತಿರುಗಿಸಿ, ಗಾಡಿಗೆ ಬೆನ್ನು ಮಾಡಿ, ಸೀಟಿನ ಅಂಚಿಗೆ ಸೊಂಟ ಒತ್ತಿ ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ಹ್ಯಾಂಡಲಿನ ತುದಿ, ಇನ್ನೊಂದರಲ್ಲಿ ಹಿಂದಿನ ಹಿಡಿಕೆ ಹಿಡಿದು, ಕಾಲಿನ ಬಲದಿಂದ ಪುಟ್ಟ ಹೆಜ್ಜೆಗಳಲ್ಲಿ ಹಿಂದಕ್ಕೆ ನಡೆಯಿರಿ. ಈ ರೀತಿಯಲ್ಲಿ 650 ಕೂಡ ಒಬ್ಬರಿಂದ ಏಳುತ್ತದೆ, ಆದರೆ ಐವತ್ತು ದಾಟಿದ ಮೇಲೆ ಒಬ್ಬರೇ ಎತ್ತಬೇಕಾದ ಸಂದರ್ಭ ಬರದಿರುವುದೇ ಒಳ್ಳೆಯದು.

ಚಾಮುಂಡಿ ತಪ್ಪಲು (ಮೈಸೂರು)

ಸೀಟಿನ ಎತ್ತರದ ಬಗ್ಗೆ ತಾವು ಬರೆದದ್ದನ್ನು ಓದಿ ಉತ್ತರಿಸಬೇಕೆನಿಸಿತು. ನನ್ನ ಎತ್ತರ ನಿಮಗಿಂತ ಕಡಿಮೆ, 157 ಸೆಂಟಿಮೀಟರ್. ಮೀಟಿಯಾರ್ 350 ನನ್ನದೇ ಗಾಡಿ, ಗೆಳತಿಯ ಸೂಪರ್ ಮೀಟಿಯಾರನ್ನೂ ಓಡಿಸಿದ್ದೇನೆ.

740 ಮತ್ತು 765 ಎಂಬ ಅಂಕಿಗಳು ಅರ್ಧ ಸತ್ಯವನ್ನಷ್ಟೇ ಹೇಳುತ್ತವೆ. ಸೀಟು ಎಷ್ಟು ಅಗಲ, ಪೆಗ್ಗುಗಳು ಎಲ್ಲಿವೆ ಎಂಬುದರ ಮೇಲೆ ಪಾದ ನೆಲಕ್ಕೆ ಹೇಗೆ ಊರುತ್ತದೆ ಎಂಬುದು ನಿಂತಿದೆ. ಶೋರೂಮಿನ ನಯವಾದ ನೆಲದ ಮೇಲೆ, ಗಾಡಿ ನೆಟ್ಟಗೆ ನಿಂತಿರುವಾಗ ಎರಡೂ ಪಾದ ಊರಿದರೆ ಧೈರ್ಯ ಬರುವುದು ಸಹಜ. ಆದರೆ ರಸ್ತೆಯ ಅಂಚು ಒಂದು ಕಡೆಗೆ ತಗ್ಗಾಗಿದ್ದು, ಊರಬೇಕಾದ ಕಾಲು ಒಂದು ಗೇಣು ಕೆಳಗೆ ಹೋದಾಗ ಕೆಲಸಕ್ಕೆ ಬರುವುದು ಗಾಡಿಯ ಹಗುರತನವೇ ಹೊರತು ಸೀಟಿನ ತಗ್ಗಲ್ಲ. ಅಂಥ ಜಾಗದಲ್ಲಿ ನನ್ನ 350ಯನ್ನು ಒಂದೇ ಕಾಲಿನ ತುದಿಬೆರಳ ಮೇಲೆ ಹಿಡಿದು ನಿಲ್ಲಿಸಬಲ್ಲೆ. 650ರಲ್ಲಿ ಆ ಭರವಸೆ ನನಗೆ ಬರಲಿಲ್ಲ.

ಓಡತೊಡಗಿದ ಮೇಲೆ ಮಾತ್ರ 650ರ ಭಾರ ಆಶ್ಚರ್ಯವಾಗುವಷ್ಟು ಮಾಯವಾಗುತ್ತದೆ. ಭಾರವೆಲ್ಲ ಕೆಳಗಿರುವುದರಿಂದ ಉದ್ದದ ತಿರುವುಗಳಲ್ಲಿ ಅದು ಹಳಿಯ ಮೇಲಿದ್ದಂತೆ ಸ್ಥಿರವಾಗಿ ಸಾಗುತ್ತದೆ. ಬಿಗಿ ತಿರುವುಗಳಲ್ಲಿ ಕಥೆ ಬೇರೆ. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ನಾವಿಬ್ಬರೂ ಒಟ್ಟಿಗೆ ಇಳಿದಾಗ ಅವಳು ಪ್ರತಿ ತಿರುವಿಗೂ ಬಹಳ ಮೊದಲೇ ಸಿದ್ಧವಾಗಬೇಕಾಗುತ್ತಿತ್ತು, ಉದ್ದನೆಯ ಗಾಡಿಗೆ ತಿರುಗಲು ಹೆಚ್ಚು ಜಾಗ ಬೇಕು, ಎದುರಿನಿಂದ ಬಸ್ಸು ಬಂದರೆ ಆ ಜಾಗವೇ ಇರುವುದಿಲ್ಲ. ಒಂದು ಸಲಹೆ: ಇಂಥ ಕಡೆ ಹಿಂಬ್ರೇಕನ್ನು ತುಸುವೇ ಒತ್ತಿಟ್ಟು, ಕ್ಲಚ್ಚನ್ನು ಅರ್ಧಕ್ಕೆ ಹಿಡಿದು, ಕಣ್ಣನ್ನು ಮುಂಚಕ್ರದ ಮೇಲಲ್ಲದೆ ತಿರುವು ಮುಗಿಯುವ ಕಡೆಗೆ ನೆಟ್ಟರೆ ಎರಡೂ ಗಾಡಿಗಳು ವಿಧೇಯವಾಗಿ ತಿರುಗುತ್ತವೆ. ಖಾಲಿ ಮೈದಾನದಲ್ಲಿ ಇದನ್ನು ಅಭ್ಯಾಸ ಮಾಡಿದವರಿಗೆ ಘಾಟಿಯಲ್ಲಿ ಎದೆ ಹೊಡೆದುಕೊಳ್ಳುವುದಿಲ್ಲ.

ಹೆದ್ದಾರಿಗಾಗಿ ದೊಡ್ಡ ಗಾಡಿ ಎನ್ನುವವರಿಗೆ ನಮ್ಮೂರಿನ ಉದಾಹರಣೆ ಕೊಡುತ್ತೇನೆ. ಬೆಂಗಳೂರು ಮೈಸೂರು ದಶಪಥದ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. 100 ಸಿಸಿಯ ಬೈಕಿಗೂ 650ಕ್ಕೂ ಒಂದೇ ನಿಯಮ, ಎಲ್ಲರೂ ಸರ್ವೀಸ್ ರಸ್ತೆಯಲ್ಲೇ ಹೋಗಬೇಕು. ಅಲ್ಲಿ ಆಟೊ, ಟ್ರ್ಯಾಕ್ಟರ್, ಊರೊಳಗಿನ ಓಡಾಟ ಎಲ್ಲ ಸೇರಿರುತ್ತದೆ, 350ರ ಬಲವೇ ಮಿಕ್ಕುತ್ತದೆ. 1996ರವರೆಗೆ ಇದೇ ಊರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬರುತ್ತಿದ್ದ 250 ಸಿಸಿಯ ಯೆಜ್ಡಿಗಳನ್ನೇ ದೊಡ್ಡ ಗಾಡಿಯೆಂದು ಕರೆದು, ಗಂಡ ಹೆಂಡತಿ ಮಕ್ಕಳು ಊರೂರು ಸುತ್ತಿದ ಮನೆಗಳು ಮೈಸೂರಿನಲ್ಲಿ ಈಗಲೂ ಬೇಕಾದಷ್ಟಿವೆ.

ದೂರದ ಹಾದಿ (ಆಸ್ಟಿನ್, ಟೆಕ್ಸಸ್)

ನಾನು ದಾವಣಗೆರೆಯವನು, ಇಲ್ಲಿ ಹೋಂಡಾ ರೆಬೆಲ್ 500 ಓಡಿಸುತ್ತೇನೆ. 471 ಸಿಸಿಯ ಈ ಗಾಡಿ ಇಲ್ಲಿಯವರ ಕಣ್ಣಿಗೆ ಹೊಸಬರ ಪುಟ್ಟ ಕ್ರೂಸರ್. ಪಕ್ಕದಲ್ಲಿ ನಿಲ್ಲುವ ಹಾರ್ಲೆಗಳು 1,700 ಸಿಸಿ ದಾಟಿದವು. ಊರಾಚೆಯ ಅಂತರರಾಜ್ಯ ಹೆದ್ದಾರಿಯಲ್ಲಿ ಕಾನೂನೇ ಗಂಟೆಗೆ 75 ಮೈಲಿ, ಅಂದರೆ 120 ಕಿಲೊಮೀಟರ್ ಬಿಡುತ್ತದೆ, ಲಾರಿಗಳೂ ಅದೇ ವೇಗದಲ್ಲಿ ಬರುತ್ತವೆ. ಇಲ್ಲಿ ಮೀಟಿಯಾರ್ 350 ತಂದು ಹೆದ್ದಾರಿಗೆ ಇಳಿದರೆ ಹಿಂದಿನ ಲಾರಿಗೆ ದಾರಿ ಬಿಡುವುದಕ್ಕೂ ಬಲ ಸಾಲದು. ಇಲ್ಲಿನ ಹೆದ್ದಾರಿಗೆ ಎರಡು ಸಿಲಿಂಡರು ಬೇಕೇಬೇಕೆಂದು ನಾನು ಖಂಡಿತವಾಗಿ ಹೇಳುತ್ತೇನೆ. ನೀವು ಓಡುವ ವೇಗ ಅದಲ್ಲ, ರಸ್ತೆಯೂ ಅದಲ್ಲ. ವಿದೇಶದ ವಿಡಿಯೊಗಳಲ್ಲಿ 350 ಸಾಲದು ಎಂದು ಹೇಳುವವರ ಮಾತನ್ನು ಈ ವ್ಯತ್ಯಾಸ ಗಮನಿಸದೆ ಒಪ್ಪಿಕೊಳ್ಳಬೇಡಿ.

ಯುರೋಪಿನಲ್ಲಿ ಎ2 ಎಂಬ ನಡುಹಂತದ ಪರವಾನಗಿಗೆ 35 ಕಿಲೊವ್ಯಾಟ್ ಮಿತಿ ಇದೆ, ಸೂಪರ್ ಮೀಟಿಯಾರ್ ಆ ಮಿತಿಯೊಳಗೇ ಕೂರುತ್ತದೆ. ನಮ್ಮ ದೇಶದಲ್ಲಿ ಗೇರ್ ಬೈಕಿನ ಒಂದೇ ಪರವಾನಗಿಗೆ ಎಲ್ಲ ಗಾತ್ರವೂ ಸೇರುವುದರಿಂದ, ಯಾವ ಹಂತಕ್ಕೆ ತಾನು ಸಿದ್ಧ ಎಂಬುದನ್ನು ಸವಾರನೇ ಪ್ರಾಮಾಣಿಕವಾಗಿ ನಿರ್ಧರಿಸಬೇಕಾಗುತ್ತದೆ.

ತುಂಗಾತೀರ (ಶಿವಮೊಗ್ಗ)

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಉಬ್ಬುಗಳ ವಿಷಯ ಮತ್ತು ಅಂಗಳದ ಇಳಿಜಾರಿನ ವಿಷಯ ನನ್ನ ಲೆಕ್ಕದಲ್ಲೇ ಇರಲಿಲ್ಲ. ನಮ್ಮ ಮನೆಯ ಗೇಟಿನ ಮುಂದೆಯೂ ಚರಂಡಿಯ ಮೇಲೆ ಹಾಸಿದ ಕಲ್ಲು ಎತ್ತರದಲ್ಲಿದೆ, ಅವೆಂಜರನ್ನು ಒಳಗೆ ತರುವಾಗಲೇ ಒಮ್ಮೆ ಗಟ್ಟಿಯಾಗಿ ನೂಕಬೇಕು. ಮನಸ್ಸು 350ರ ಕಡೆಗೆ ಹೊರಳಿದೆ. ಆದರೂ ಅರಬೈಲು ದಾರಿಯವರು ಹೇಳಿದ ಲಾರಿ ದಾಟುವ ಮಾತು ಕೊರೆಯುತ್ತಿದೆ, ಏಕೆಂದರೆ ತರೀಕೆರೆ ದಾರಿಯಲ್ಲಿ ಇಬ್ಬರೂ ಹೋಗುವಾಗ ನನಗೆ ಅದೇ ಅಳುಕು. ಚಿಕ್ಕದರ ತೂಕ ಮತ್ತು ದೊಡ್ಡದರ ಬಲ ಎರಡೂ ಇರುವ ಗಾಡಿ ಇಲ್ಲವೇ? ಕವಾಸಾಕಿ ಎಲಿಮಿನೇಟರ್ ಹೆಸರನ್ನು ಒಬ್ಬರು ಸೂಚಿಸಿದರು.

ಸ್ಪ್ಯಾನರ್ ಹಿಡಿದವನು (ಹಾಸನ)

ಅವರು ಸೂಚಿಸಿದ್ದರಲ್ಲಿ ಹುರುಳಿದೆ. ಎಲಿಮಿನೇಟರ್ 451 ಸಿಸಿಯ ಎರಡು ಸಿಲಿಂಡರಿನ ಗಾಡಿ, ಸುಮಾರು 45 ಅಶ್ವಶಕ್ತಿ, ತೂಕ 176 ಕಿಲೊ, ಸೀಟು 735 ಮಿಲಿಮೀಟರ್. ಬಲದಲ್ಲಿ 650ರ ಸಮೀಪ, ತೂಕದಲ್ಲಿ ಮೀಟಿಯಾರ್ 350ಗಿಂತಲೂ ಕಡಿಮೆ. ದೊಡ್ಡದು, ಚಿಕ್ಕದು ಎಂದು ಸಿಸಿ ನೋಡಿ ವಿಂಗಡಿಸುವುದು ಎಷ್ಟು ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ. ಆದರೆ 2024ರ ಜನವರಿಯಲ್ಲಿ ಇಲ್ಲಿಗೆ ಬಂದಾಗಲೇ ಅದರ ಶೋರೂಮ್ ಬೆಲೆ ಐದೂವರೆ ಲಕ್ಷ ದಾಟಿತ್ತು, ತೆರಿಗೆಯ ಮೇಲಿನ ಹಂತಕ್ಕೂ ಅದು ಸೇರುತ್ತದೆ. ಅದರ ಸರ್ವೀಸ್ ಜಾಲ ರಾಯಲ್ ಎನ್‌ಫೀಲ್ಡಿನಷ್ಟು ಹರಡಿಲ್ಲ, ಬಿಡಿಭಾಗಕ್ಕಾಗಿ ಮಹಾನಗರದತ್ತ ನೋಡಬೇಕಾದೀತು. ದಿನಾ ಕೆಲಸಕ್ಕೆ ಅದೇ ಗಾಡಿಯನ್ನು ನೆಚ್ಚುವವರಿಗೆ ನಾನು ಅದನ್ನು ಹೇಳಲಾರೆ.

350ಯನ್ನು ಪರೀಕ್ಷಾ ಸವಾರಿಗೆ ಕೇಳುವಾಗ ನಿಮ್ಮ ಮನೆಯವರನ್ನೂ ಕರೆದುಕೊಂಡು ಹೋಗಿ. ಒಬ್ಬರೇ ಓಡಿಸಿ ಬರುವ ಸವಾರಿಯಿಂದ ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಇಬ್ಬರೂ ಕುಳಿತು ಒಂದು ಏರಿನಲ್ಲಿ 50ರ ವೇಗದಲ್ಲಿ ಮೂರನೇ ಗೇರಿನಿಂದ 80ಕ್ಕೆ ಎಷ್ಟು ಹೊತ್ತಿನಲ್ಲಿ ಏರುತ್ತದೆ ಎಂದು ನೋಡಿ, ಅದನ್ನು ಈಗಿನ ಅವೆಂಜರ್ ಜೊತೆ ಹೋಲಿಸಿ. ಅಶ್ವಶಕ್ತಿಯಲ್ಲಿ ಎರಡೂ ಹೆಚ್ಚುಕಡಿಮೆ ಸಮನಾಗಿ ಕಂಡರೂ 350ರ ಟಾರ್ಕ್ ಬಹಳ ಹೆಚ್ಚು, ಹಾಗಾಗಿ ಗೇರು ಇಳಿಸದೆ ಎಳೆಯುವ ಗುಣ ನಿಮಗೆ ತಕ್ಷಣ ಗೊತ್ತಾಗುತ್ತದೆ. 2025ರ ಸೆಪ್ಟೆಂಬರಿನಲ್ಲಿ ಪರಿಷ್ಕರಿಸಿದ ಮೀಟಿಯಾರಿನಲ್ಲಿ ಕ್ಲಚ್ ಕೂಡ ಮೊದಲಿಗಿಂತ ಹಗುರವಾಗಿದೆ. ಹಿಂದಿನ ಸೀಟಿನ ಬೆನ್ನಾಸರೆ ಮನೆಯವರಿಗೆ ಹೊಂದುತ್ತದೆಯೇ, ಅವರ ಕಾಲು ಸೈಲೆನ್ಸರಿನಿಂದ ದೂರ ಇರುತ್ತದೆಯೇ ಎಂಬುದನ್ನು ಅವರ ಬಾಯಿಂದಲೇ ಕೇಳಿ ತಿಳಿದುಕೊಳ್ಳಿ, ಬೆಂಗಳೂರಿನವರೆಗೆ ಕೂರಬೇಕಾದವರು ಅವರೂ ಹೌದು. ಮುಂಗಡ ಕೊಡುವ ಮೊದಲು ಶೋರೂಮಿನವರು ಒಪ್ಪಿದರೆ ಗಾಡಿಯನ್ನು ನಿಮ್ಮ ಗೇಟಿನವರೆಗೂ ತಂದು, ಆ ಚರಂಡಿ ಕಲ್ಲಿನ ಮೇಲೆ ಎಂಜಿನ್ ಆರಿಸಿ ಒಮ್ಮೆ ಒಳಗೆ ನೂಕಿ, ಒಮ್ಮೆ ಹೊರಗೆ ಎಳೆದು ನೋಡಿ.